ಕಾಡಿನೊಡನೆ ಬೆರೆತ ಕಟ್ಟಡಗಳು

ಒಣಹುಲ್ಲಿನ ನಡುವೆ ಕುಳಿತ ಕಂದು ಮಿಡತೆಯನ್ನು ಹುಡುಕಲು ನೀವು ಪರದಾಡಿರಬಹುದು. ಸುತ್ತಲಿನ ಬಣ್ಣದಲ್ಲಿ ಮರೆಯಾಗುವ ಈ ಉಪಾಯವನ್ನು ಕಟ್ಟಡಕ್ಕೂ ಅನ್ವಯಿಸಬಹುದೆ? ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಇಂಥ ಪ್ರಯತ್ನ ದಶಕಗಳ ಕಾಲ ನಡೆಯಿತು.

ಯೆಲ್ಲೋಸ್ಟೋನ್ 1872ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಚಿಲುಮೆಯ ಪಕ್ಕದಲ್ಲಿ 1903-04ರ ಚಳಿಗಾಲದಲ್ಲಿ ರಾಬರ್ಟ್ ರೀಮರ್ ಎಂಬ ಯುವ ವಾಸ್ತುಶಿಲ್ಪಿ ಒಂದು ವಸತಿಗೃಹ ಕಟ್ಟಿಸಿದ. ದಿಮ್ಮಿಗಳು ಅಲ್ಲಿಯದೇ ಪೈನ್ ಮರದವು; ಕಲ್ಲು ಅಲ್ಲಿಯದೇ ಜ್ವಾಲಾಮುಖಿ ಶಿಲೆ ರಯೋಲೈಟ್. ಒಳಗಿನ ಹಜಾರದ ಎತ್ತರ 76 ಅಡಿ, ಅಗ್ಗಿಷ್ಟಿಕೆಯ ಕಲ್ಲಿನ ತೂಕ ಸುಮಾರು 500 ಟನ್. ಸೊಟ್ಟಪಟ್ಟ ಕೊಂಬೆಗಳನ್ನೇ ಆಸರೆಗಳಾಗಿ ಬಳಸಲಾಯಿತು. ಹಾಗೆಂದು ಇದನ್ನು ಗುಡಿಸಲೆಂದು ಭಾವಿಸಬೇಡಿ. ವಿದ್ಯುದ್ದೀಪ, ಉಗಿಯಿಂದ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಮೊದಲಿನಿಂದಲೂ ಇದ್ದವು!

ಉದ್ಯಾನಗಳ ಆಡಳಿತಕ್ಕೆ 1916ರಲ್ಲಿ ಪ್ರತ್ಯೇಕ ಇಲಾಖೆ ಬಂದಮೇಲೆ ಈ ಶೈಲಿಗೆ ನಿಯಮಗಳು ರೂಪುಗೊಂಡವು. 1935ರಲ್ಲಿ ಆಲ್ಬರ್ಟ್ ಗುಡ್ ಸಂಪಾದಿಸಿದ ಕೈಪಿಡಿ ಬಂತು. ಬೃಹತ್ ಬಂಡೆಗಳ ಬಳಿ ಸಣ್ಣ ಕಲ್ಲಿನ ಗೋಡೆ ಆಟಿಕೆಯಂತೆ ಕಾಣುತ್ತದೆ. ಆದ್ದರಿಂದ ಕಲ್ಲು, ದಿಮ್ಮಿಗಳ ಗಾತ್ರ ದೊಡ್ಡದಿರಬೇಕು, ಬುಡದಲ್ಲಿ ಇನ್ನೂ ದೊಡ್ಡದು. ಮಳೆಬಿಸಿಲಿಗೆ ಮಾಗಿದ ಮುಖವೇ ಹೊರಗೆ ಕಾಣಬೇಕು. ಇಷ್ಟು ಶ್ರಮದ ಕೆಲಸಕ್ಕೆ ಕೈಗಳು ಎಲ್ಲಿಂದ? ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಯುವಕರಿಗಾಗಿ 1933ರಿಂದ 1942ರವರೆಗೆ ನಡೆದ ಸರ್ಕಾರಿ ಯೋಜನೆ ಅವನ್ನು ಒದಗಿಸಿತು.

ಆದರೆ ಕಾಡಿನ ವಸ್ತುವಿನಿಂದ ಕಟ್ಟಿದ ಮನೆಗೆ ಕಾಡಿನ ಅಪಾಯವೂ ತಪ್ಪದು. ಬೆಂಕಿ! ಯೊಸೆಮಿಟಿಯಲ್ಲಿ ಗಿಲ್ಬರ್ಟ್ ಸ್ಟ್ಯಾನ್ಲಿ ಅಂಡರ್‌ವುಡ್ ವಿನ್ಯಾಸದ ಅವಾನಿ ಹೋಟೆಲು 1927ರಲ್ಲಿ ತೆರೆಯಿತು. ಹೊರಗೆ ರೆಡ್‌ವುಡ್ ಮರದಂತೆ ಕಾಣುವುದು ನಿಜವಾಗಿ ಕಾಂಕ್ರೀಟು. ಒರಟು ಹಲಗೆಯ ಅಚ್ಚಿನಲ್ಲಿ ಎರಕ ಹೊಯ್ದಾಗ ಮರದ ಎಳೆಗಳ ಗುರುತು ಅದರ ಮೇಲೆ ಮೂಡಿತು. ಆಮೇಲೆ ಬಣ್ಣ ಕೊಟ್ಟರು. ಇದು ಮೋಸವೆ? ಮುಂದಿನ ಕಥೆ ಕೇಳಿ ನೀವೇ ನಿರ್ಧರಿಸಿ.

ಇದೇ ಅಂಡರ್‌ವುಡ್ ಗ್ರ್ಯಾಂಡ್ ಕ್ಯಾನಿಯನ್ನಿನ ಉತ್ತರ ಅಂಚಿನಲ್ಲಿ ಸ್ಥಳೀಯ ಸುಣ್ಣಕಲ್ಲು ಮತ್ತು ಮರದಿಂದ ರೂಪಿಸಿದ ವಸತಿಗೃಹ 1928ರಲ್ಲಿ ಸಿದ್ಧವಾಯಿತು. ನಾಲ್ಕೇ ವರ್ಷದಲ್ಲಿ, 1932ರಲ್ಲಿ, ಅದು ಸುಟ್ಟಿತು. ಉಳಿದ ಕಲ್ಲುಗಳನ್ನು ಬಳಸಿಕೊಂಡು, ಹಿಮ ಜಾರಿಹೋಗುವಂತೆ ಹೆಚ್ಚು ಇಳಿಜಾರಿನ ಛಾವಣಿಯೊಡನೆ 1937ರಲ್ಲಿ ಪುನಃ ನಿಲ್ಲಿಸಿದರು. ಹಿಮದ ಲೆಕ್ಕವೇನೋ ಸರಿಹೋಯಿತು.

1988ರಲ್ಲಿ ಕಾಳ್ಗಿಚ್ಚು ಯೆಲ್ಲೋಸ್ಟೋನಿನ ದಿಮ್ಮಿಮನೆಯ ಅಂಗಳದವರೆಗೂ ಬಂದಿತ್ತು. ಹಿಂದಿನ ವರ್ಷವಷ್ಟೇ ಛಾವಣಿಗೆ ಜೋಡಿಸಿದ್ದ ನೀರು ಚಿಮ್ಮಿಸುವ ಕೊಳವೆಗಳು, ಅಗ್ನಿಶಾಮಕರ ಹೋರಾಟ ಅದನ್ನು ಉಳಿಸಿದವು. ಉತ್ತರ ಅಂಚಿಗೆ ಆ ಅದೃಷ್ಟ ಇರಲಿಲ್ಲ. ಸಿಡಿಲಿನಿಂದ ಹೊತ್ತಿಕೊಂಡ ಕಾಳ್ಗಿಚ್ಚಿಗೆ 2025ರ ಜುಲೈನಲ್ಲಿ ಆ ವಸತಿಗೃಹ ಎರಡನೆಯ ಬಾರಿ ಬಲಿಯಾಯಿತು.