ಮೂರು ನಿಮಿಷದ ಲೆಕ್ಕ

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಸಿಕ್ಕಿದ್ದು ಸುಮಾರು ಮೂರೇ ನಿಮಿಷ. ಅಷ್ಟರಲ್ಲೇ ರಾಗ ತೋರಿಸಿ, ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಲ್ಲಿ ಹೇಳಿ ಮುಗಿಸ್ತಿದ್ರು. ಆಮೇಲೆ ಇಂಥ ಪ್ಲೇಟುಗಳನ್ನು ಫೋಟೋ ಆಲ್ಬಮಿನ ಥರ ಪುಸ್ತಕದಲ್ಲಿ ಜೋಡಿಸಿ ಮಾರಿದ್ರು. ಆಲ್ಬಮ್ ಅನ್ನೋ ಹೆಸರು ಬಂದದ್ದು ಅಲ್ಲಿಂದ.

1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದಿತು. ಒಂದು ಸೈಡಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಜಾಗ. ಅದರ ಬೆಲೆ ಗೊತ್ತಾಗಬೇಕಾದ್ರೆ ಜಾಝ್‌ನ ಮೈಲ್ಸ್ ಡೇವಿಸ್ ಮಾಡಿದ 'ಕೈಂಡ್ ಆಫ್ ಬ್ಲೂ' (1959) ಕೇಳಿ. ಐದೇ ಟ್ರ್ಯಾಕ್, ಯಾರಿಗೂ ಅವಸರವಿಲ್ಲ. 1967ರ 'ಕಾಲ್ ಆಫ್ ದಿ ವ್ಯಾಲಿ'ಯಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಸೇರಿ ಕುರಿ ಕಾಯುವವನ ಒಂದು ದಿನವನ್ನು ಬೆಳಗಿನಿಂದ ರಾತ್ರಿವರೆಗೆ ರಾಗಗಳಲ್ಲೇ ಹೇಳ್ತಾರೆ. ಶಫಲ್ ಒತ್ತಿದ್ರೆ ರಾತ್ರಿ ಮೊದಲು, ಬೆಳಗು ಆಮೇಲೆ!

ನಮ್ಮ ಪಾಲಿಗೆ ಬಂದದ್ದು ಕ್ಯಾಸೆಟ್. 1978ರ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್: ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ರಾಗಸಂಯೋಜನೆ. ನನ್ನ ಲೆಕ್ಕದಲ್ಲಿ ಇದೂ ಆ ಎರಡರ ಸಾಲಿಗೇ ಸೇರುತ್ತೆ. ಒಬ್ಬನೇ ಕವಿಯ ಜೊತೆ ಸೈಡ್ ಮುಗಿಯೋವರೆಗೂ ಕೂರಿಸುತ್ತೆ. ನಮ್ಮೂರಲ್ಲಿ ಟೇಪ್ ಮುಂದಕ್ಕೆ ಓಡಿಸೋದೇ ರೇಜಿಗೆ. ಹಾಗಾಗಿ ಇಷ್ಟವಾಗದ ಹಾಡನ್ನೂ ಕೇಳ್ತಿದ್ವಿ. ಹತ್ತನೇ ಸಲಕ್ಕೆ ಅದೇ ಇಷ್ಟವಾಗ್ತಿತ್ತು.

ಈಗ ಫೋನಿಗೆ ನಿಮಿಷದ ಮಿತಿಯೇ ಇಲ್ಲ. ಆದ್ರೂ ಮೂವತ್ತು ಸೆಕೆಂಡಿಗೆಲ್ಲ ಮುಂದಿನ ಹಾಡಿಗೆ ಹೋಗ್ತೀವಿ. ಗೌಹರ್ ಜಾನ್‌ಗೆ ಸಿಕ್ಕ ಮೂರು ನಿಮಿಷವನ್ನೂ ಇವತ್ತು ಹಾಡೋರಿಗೆ ನಾವು ಕೊಡ್ತಿಲ್ಲ.