ಡೆಂಟಲ್ ಕ್ಲಿನಿಕ್‌ನಲ್ಲಿ ಕೆಲಸ ಮಾಡ್ತೀರಾ? ಪಿಎಫ್, ಇಎಸ್‌ಐ, ಹೆರಿಗೆ ರಜೆ ಯಾರಿಗೆ ಸಿಗುತ್ತೆ? ಇಲ್ಲಿದೆ ಮಾಹಿತಿ

'ನಮ್ಮದು ಚಿಕ್ಕ ಕ್ಲಿನಿಕ್, ಈ ಕಾನೂನೆಲ್ಲ ದೊಡ್ಡ ಆಸ್ಪತ್ರೆಗಳಿಗೆ' ಎಂಬುದು ಹಲವು ದಂತವೈದ್ಯರ ನಂಬಿಕೆ. ಸಿಬ್ಬಂದಿಯೂ ಅದನ್ನೇ ನಂಬಿ ಸುಮ್ಮನಿರುತ್ತಾರೆ. ಆದರೆ ಕೆಲವು ನಿಯಮಗಳು ಒಬ್ಬರೇ ಕೆಲಸಕ್ಕಿದ್ದರೂ ಅನ್ವಯಿಸುತ್ತವೆ. ಉಳಿದವು ಸಿಬ್ಬಂದಿ ಸಂಖ್ಯೆ 10 ಅಥವಾ 20 ಮುಟ್ಟಿದಾಗ ಜಾರಿಗೆ ಬರುತ್ತವೆ.

ಒಬ್ಬರೇ ಇದ್ದರೂ ಕಡ್ಡಾಯ

ರಾಜ್ಯ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ ಕೊಡಲೇಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರ ಅಥವಾ ತೆಗೆದುಹಾಕಲಾದವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಪಾವತಿಸಬೇಕು.

ಆರೋಗ್ಯ ರಕ್ಷಣೆ ಇನ್ನೊಂದು ಮುಖ್ಯ ವಿಷಯ. ಬಳಸಿದ ಸೂಜಿ, ರಕ್ತ ಅಂಟಿದ ಹತ್ತಿಯನ್ನು ಮುಟ್ಟುವುದು ಹೆಚ್ಚಾಗಿ ಅಸಿಸ್ಟೆಂಟ್ ಮತ್ತು ಸ್ವಚ್ಛತಾ ಸಿಬ್ಬಂದಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಇವರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ, ಕೈಗವಸು ಮೊದಲಾದ ರಕ್ಷಣಾ ಸಾಮಗ್ರಿ, ಕೆಲಸಕ್ಕೆ ಸೇರುವಾಗ ಹಾಗೂ ಪ್ರತಿವರ್ಷ ತರಬೇತಿ ಮತ್ತು ಆರೋಗ್ಯ ತಪಾಸಣೆ ಒದಗಿಸುವುದು ಕ್ಲಿನಿಕ್ ಮಾಲೀಕರ ಹೊಣೆ.

10 ಮಂದಿ ಇದ್ದರೆ

* ಇಎಸ್‌ಐ: ತಿಂಗಳಿಗೆ 21,000 ರೂ. ವರೆಗೆ ವೇತನ ಪಡೆಯುವವರಿಗೆ. ಉದ್ಯೋಗಿಯ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25.
* ಹೆರಿಗೆ ರಜೆ: ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ವೇತನ ಸಹಿತ ರಜೆ. ಈ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ.
* ಗ್ರಾಚ್ಯುಟಿ: ಕಾಯಂ ಸಿಬ್ಬಂದಿಗೆ 5 ವರ್ಷ ಸೇವೆಯ ನಂತರ. ಉದಾಹರಣೆಗೆ, ಲೆಕ್ಕಕ್ಕೆ ಸಿಗುವ ಕೊನೆಯ ವೇತನ 15,000 ರೂ., ಸೇವೆ 6 ವರ್ಷ ಎಂದಾದರೆ 15,000 × 15 ÷ 26 × 6, ಅಂದರೆ ಸುಮಾರು 51,923 ರೂ.
* ಲೈಂಗಿಕ ಕಿರುಕುಳ ದೂರು: ಕ್ಲಿನಿಕ್‌ನಲ್ಲೇ ಆಂತರಿಕ ಸಮಿತಿ ಇರಬೇಕು. 10ಕ್ಕಿಂತ ಕಡಿಮೆ ಸಿಬ್ಬಂದಿ ಇದ್ದರೆ ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ನೀಡಲು 3 ತಿಂಗಳ ಗಡುವಿದೆ.

20 ಮಂದಿ ಇದ್ದರೆ

ಪಿಎಫ್ ಮತ್ತು ಬೋನಸ್ ನಿಯಮಗಳು ಅನ್ವಯಿಸುತ್ತವೆ. ಪಿಎಫ್‌ಗೆ ಸಾಮಾನ್ಯವಾಗಿ ಇಬ್ಬರ ಪಾಲೂ ತಲಾ ಶೇ. 12. ಕನಿಷ್ಠ ಬೋನಸ್ ಶೇ. 8.33. ಒಮ್ಮೆ ಪಿಎಫ್ ವ್ಯಾಪ್ತಿಗೆ ಬಂದ ಮೇಲೆ ಸಿಬ್ಬಂದಿ ಕಡಿಮೆಯಾದರೂ ಹೊಣೆ ತಪ್ಪದು.

ಲೆಕ್ಕಕ್ಕೆ ಯಾರು ಬರುತ್ತಾರೆ?

ಸಂಬಳಕ್ಕಿರುವ ವೈದ್ಯರು, ಅಸಿಸ್ಟೆಂಟ್, ರಿಸೆಪ್ಷನಿಸ್ಟ್, ಆಯಾ ಎಲ್ಲರೂ ಸೇರುತ್ತಾರೆ. ಸಂಬಳದ ಮೇಲೆ ಅರ್ಧ ದಿನ ಬರುವವರೂ ಸೇರುತ್ತಾರೆ. ಕೇಸ್ ಲೆಕ್ಕದಲ್ಲಿ ಶುಲ್ಕ ಪಡೆದು ಹೋಗುವ ಕನ್ಸಲ್ಟೆಂಟ್ ಸಾಮಾನ್ಯವಾಗಿ ಸೇರುವುದಿಲ್ಲ.

ಕೆಲಸ ಬಿಟ್ಟ ಮೇಲೆ ಹತ್ತಿರದಲ್ಲಿ ಕ್ಲಿನಿಕ್ ತೆರೆಯುವಂತಿಲ್ಲವೇ?

ಯುವ ದಂತವೈದ್ಯರಿಂದ ಇಂಥ ಷರತ್ತಿಗೆ ಸಹಿ ಹಾಕಿಸಿಕೊಳ್ಳುವುದುಂಟು. ಆದರೆ 1872ರ ಕರಾರು ಕಾಯ್ದೆಯ ಸೆಕ್ಷನ್ 27ರ ಪ್ರಕಾರ, ಕೆಲಸ ಬಿಟ್ಟ ನಂತರ ವೃತ್ತಿ ಮಾಡದಂತೆ ತಡೆಯುವ ಷರತ್ತು ಸಾಮಾನ್ಯವಾಗಿ ಊರ್ಜಿತವಲ್ಲ. ಹಾಗೆಂದು ಹಳೆಯ ಕ್ಲಿನಿಕ್‌ನ ರೋಗಿಗಳ ದಾಖಲೆಗಳನ್ನು ಜೊತೆಗೆ ಒಯ್ಯುವಂತಿಲ್ಲ.

ಕೆಲಸಕ್ಕೆ ಸೇರುವಾಗಲೇ ನೇಮಕಾತಿ ಪತ್ರ ಕೇಳಿ ಪಡೆಯಿರಿ. ಹುದ್ದೆ, ಸಂಬಳ, ಕೆಲಸದ ಸಮಯ, ವಾರದ ರಜೆ, ನೋಟಿಸ್ ಅವಧಿ ಅದರಲ್ಲಿರಲಿ. ಸಂಬಳ ಬ್ಯಾಂಕ್ ಖಾತೆಗೇ ಬರಲಿ. ಮುಂದೆ ತಕರಾರು ಎದ್ದರೆ ಕಾರ್ಮಿಕ ಇಲಾಖೆಯ ಮುಂದೆ ನಿಮ್ಮ ಕೈ ಹಿಡಿಯುವುದು ಇವೇ ದಾಖಲೆಗಳು.