ಸಂಘದ ಫೋನು ಕೆಟ್ಟಾಗ

ನಮ್ಮ ಸಂಘದ ಕಚೇರಿಯ ಮೊಬೈಲು ಫೋನು ಈ ಮಳೆಗಾಲದಲ್ಲಿ ಕಣ್ಣು ಮುಚ್ಚಿತು. ಏಳು ವರ್ಷ ದುಡಿದ ಯಂತ್ರ. ಅದರ ಮೇಲೆ ನಮಗೆ ದೂರಿಲ್ಲ. ದೂರೇನಿದ್ದರೂ ನಮ್ಮ ಮೇಲೆಯೇ. ‘ನಾಳೆ ನೋಡೋಣ’ ಎಂದು ನಾಲ್ಕು ದಿನ ಸುಮ್ಮನಿದ್ದುಬಿಟ್ಟೆವು. ಆ ನಾಲ್ಕು ದಿನಗಳಲ್ಲಿಯೇ ಗದಗದ ಕಡೆಯ ಕುಟುಂಬವೊಂದು ಮಗುವಿನ ಚಿಕಿತ್ಸೆಗೆಂದು ಮುಂಬಯಿಗೆ ಬಂದಿತು. ಊರಿನಲ್ಲಿ ಯಾರೋ ಚೀಟಿಯಲ್ಲಿ ಬರೆದುಕೊಟ್ಟಿದ್ದ ನಮ್ಮ ಸಂಖ್ಯೆಗೆ ಅವರು ಮತ್ತೆ ಮತ್ತೆ ಕರೆಮಾಡಿ, ಉತ್ತರ ಕಾಣದೆ, ಎರಡು ರಾತ್ರಿಗಳನ್ನು ಆಸ್ಪತ್ರೆಯ ಪಡಸಾಲೆಯಲ್ಲೇ ಕಳೆದರೆಂಬುದು ನಮಗೆ ಆಮೇಲೆ ತಿಳಿಯಿತು. ಅವರಿಗೆ ಇಳಿದುಕೊಳ್ಳಲು ಸ್ಥಳ ಗೊತ್ತುಮಾಡಿಕೊಡುವುದು ನಮಗೆ ಅರ್ಧ ಗಂಟೆಯ ಕೆಲಸವಾಗಿತ್ತು.

ಕೂಡಲೇ ಕಾರ್ಯಕಾರಿ ಸಮಿತಿ ಸೇರಿತು. ಯಾವ ಫೋನು ಕೊಳ್ಳಬೇಕೆಂಬ ಪ್ರಶ್ನೆಗೆ ಹತ್ತು ಜನರಿಂದ ಹನ್ನೆರಡು ಅಭಿಪ್ರಾಯಗಳು ಬಂದುವು. ಆಗ ಹಿರಿಯರೊಬ್ಬರು, “ಇದುವರೆಗೆ ಯಾವ ಯಾವ ಫೋನಿನಿಂದ ನಮ್ಮ ಕೆಲಸ ಹೇಗೆ ನಡೆಯಿತೆಂಬುದನ್ನು ಮೊದಲು ನೆನಪುಮಾಡಿಕೊಳ್ಳಿರಿ, ಆಮೇಲೆ ಅಂಗಡಿಗೆ ಹೋಗಿರಿ” ಎಂದರು. ಆ ನೆನಪಿನ ಫಲವೇ ಈ ಲೇಖನ.

ಮುಂಬಯಿಗೆ ದೂರವಾಣಿ ವಿನಿಮಯ ಕೇಂದ್ರ ಬಂದುದು 1882ರಲ್ಲಿ. ಸ್ವಾತಂತ್ರ್ಯಾನಂತರ ಕಚೇರಿಗಳ ಮೇಜಿನ ಮೇಲೆಯೂ ನಮ್ಮವರ ಹೋಟೆಲುಗಳ ಗಲ್ಲದ ಪಕ್ಕದಲ್ಲಿಯೂ ಕುಳಿತಿರುತ್ತಿದ್ದ ಕಪ್ಪು ಫೋನುಗಳಲ್ಲಿ ಬಹುಪಾಲು ನಮ್ಮ ನಾಡಿನಿಂದಲೇ ಬಂದಂಥವು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅವುಗಳನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆಯಿಂದಲೇ ಅಲ್ಲಿನ ಬಡಾವಣೆಗೆ ದೂರವಾಣಿನಗರವೆಂದು ಹೆಸರಾಯಿತು. ಆ ಕಾಲದಲ್ಲಿ ಆರಿಸುವ ತೊಂದರೆಯೇ ಇರಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು, ಇಲಾಖೆ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳುವುದು, ಯಾರೂ ಸುಮ್ಮನೆ ತಿರುಗಿಸದಂತೆ ಅದಕ್ಕೊಂದು ಬೀಗ ಹಾಕುವುದು, ಇಷ್ಟೇ.

ತಂತಿಯಿಲ್ಲದ ಕೈಫೋನಿನ ಮೊದಲ ಕರೆಯನ್ನು ಮೋಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್ 1973ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಬೀದಿಯಿಂದ ಮಾಡಿದರು. ಅದೇ ವರ್ಷ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತೆಂಬುದನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ನೆನೆಯಬಹುದು. ಆ ಯಂತ್ರದ ತೂಕ ಒಂದು ಕಿಲೋಗ್ರಾಮಿಗೂ ಹೆಚ್ಚು. ಹತ್ತು ವರ್ಷಗಳ ತರುವಾಯ, 1983ರಲ್ಲಿ, ಮಾರುಕಟ್ಟೆಗೆ ಸಿದ್ಧವಾದ ಮಾದರಿಯ ಬೆಲೆ 3,995 ಡಾಲರು. ಹತ್ತು ಗಂಟೆ ವಿದ್ಯುತ್ತನ್ನು ಉಣಿಸಿದರೆ ಅರ್ಧ ಗಂಟೆ ಮಾತನಾಡಬಹುದಾಗಿತ್ತು!

ಭಾರತದಲ್ಲಿ ಈ ಸೇವೆ ಪ್ರಾರಂಭವಾದುದು 1995ರಲ್ಲಿ. ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆಗ ಮಾಡಿದ ಕರೆಗೂ ಹಣ, ಬಂದ ಕರೆಗೂ ಹಣ. ದಟ್ಟಣೆಯ ಹೊತ್ತಿನಲ್ಲಿ ನಿಮಿಷಕ್ಕೆ ಸುಮಾರು 16 ರೂಪಾಯಿಯವರೆಗೆ ದರವಿತ್ತು. ಆದುದರಿಂದ ಫೋನಿದ್ದವರೂ ಅದು ಮೊಳಗಿದರೆ ಬೆಚ್ಚುತ್ತಿದ್ದರು. ಸಂಖ್ಯೆಯನ್ನು ನೋಡಿ, ಕರೆ ಕತ್ತರಿಸಿ, ಹತ್ತಿರದ ಸಾರ್ವಜನಿಕ ಫೋನಿನಿಂದ ಮರಳಿ ಮಾತನಾಡುತ್ತಿದ್ದರು. 2003ರ ಮೇ ತಿಂಗಳಲ್ಲಿ ಕರೆಮಾಡಿದವನೇ ಹಣ ತೆರತಕ್ಕದ್ದೆಂಬ ನಿಯಮ ಬಂದಮೇಲೆ ಒಳಬರುವ ಕರೆಗಳು ಉಚಿತವಾದುವು. ಬಡಗಿ, ವಿದ್ಯುತ್ ಕೆಲಸದವನು, ಕ್ಯಾಂಟೀನಿನ ಹುಡುಗ ಇವರೆಲ್ಲರ ಕೈಗೆ ಫೋನು ಬಂದುದು ಆ ಬಳಿಕವೇ.

ಅದೇ ವರ್ಷ ಹೊರಬಂದ ನೋಕಿಯಾ 1100 ನಮ್ಮ ಓದುಗರಲ್ಲಿ ಅನೇಕರ ಮೊದಲ ‘ಕೆಲಸದ ಫೋನು’ ಆಗಿದ್ದಿರಬೇಕು. ಅದಕ್ಕೆ ಕ್ಯಾಮರಾ ಇರಲಿಲ್ಲ, ಬಣ್ಣದ ಪರದೆಯೂ ಇರಲಿಲ್ಲ. ಇದ್ದುದು ಧೂಳು ಒಳಹೋಗದ ಗುಂಡಿಗಳು, ದಿನಗಟ್ಟಲೆ ನಿಲ್ಲುವ ಬ್ಯಾಟರಿ, ದೀಪ ಹೋದರೆ ದಾರಿ ತೋರುವ ಸಣ್ಣ ಟಾರ್ಚು. ಲೋಕದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಆ ಫೋನನ್ನು ಜನರು ಮೆಚ್ಚಿದುದು ಅಂದಕ್ಕಲ್ಲ, ನಂಬಿಕೆಗೆ.

ಆದರೆ ಒಂದು ಕಷ್ಟ ಉಳಿದಿತ್ತು. ಕಂಪನಿ ಬದಲಾಯಿಸಿದರೆ ಸಂಖ್ಯೆಯೂ ಹೋಗುತ್ತಿತ್ತು. ಅಂಗಡಿಯ ಫಲಕಕ್ಕೆ ಮತ್ತೆ ಬಣ್ಣ, ಗಿರಾಕಿಗಳಿಗೆಲ್ಲ ಮತ್ತೆ ತಿಳಿವಳಿಕೆ. 2011ರ ಜನವರಿ 20ರಿಂದ ದೇಶದಾದ್ಯಂತ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಾಯಿಸಲು ಸಾಧ್ಯವಾಯಿತು, ಆದರೆ ಒಂದೇ ವಲಯದೊಳಗೆ. 2015ರ ಜುಲೈ 3ರಿಂದ ವಲಯ ದಾಟಿದರೂ ಸಂಖ್ಯೆ ಉಳಿಯಿತು. ಮುಂಬಯಿಯಿಂದ ಹುಬ್ಬಳ್ಳಿಗೆ ವರ್ಗವಾಗುವ ನಮ್ಮಂಥ ವಲಸೆಯ ಸಂಸಾರಗಳಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. 2016ರಲ್ಲಿ ಯುಪಿಐ ಪ್ರಾರಂಭವಾದ ಮೇಲಂತೂ ಸಂಖ್ಯೆಯೆಂದರೆ ಬ್ಯಾಂಕಿನ ಬಾಗಿಲೇ ಆಯಿತು.

ಇನ್ನೊಂದು ಕಷ್ಟ ಅಕ್ಷರದ್ದು. ಬಹುಕಾಲ ನಮ್ಮವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸುತ್ತಿದ್ದರು. ಕನ್ನಡ ಲಿಪಿಯಲ್ಲಿ ಬಂದ ಸಂದೇಶ ಎಷ್ಟೋ ಫೋನುಗಳಲ್ಲಿ ಬರಿಯ ಚೌಕಗಳ ಸಾಲಾಗಿ ಕಾಣುತ್ತಿತ್ತು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ ಲಿಪಿಗೆ ಅದರಲ್ಲಿ ಸ್ಥಾನ ದೊರೆಯಿತು. ಸಂಘದ ಸಭೆಯ ಕರೆಯೋಲೆ ಅಜ್ಜಿಯರ ಕೈಗೂ ಓದುವಂತೆ ತಲುಪಿದುದು ಇದರ ಫಲ.

ಇಷ್ಟನ್ನು ನೆನೆದಮೇಲೆ ಆರಿಸುವುದು ಸುಲಭವಾಯಿತು. ನಾವು ಕೇಳಿದುದು ಐದೇ ಪ್ರಶ್ನೆ: ಬ್ಯಾಟರಿ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವುದೇ? ರಸ್ತೆಯ ಗದ್ದಲದಲ್ಲಿ ಮಾತು ಕೇಳಿಸುವುದೇ? ಕನ್ನಡ ಸರಿಯಾಗಿ ಮೂಡುವುದೇ? ಎರಡು ಸಿಮ್ ಹಿಡಿಯುವುದೇ? ಕಂಪನಿಯವರು ತಂತ್ರಾಂಶದ ರಕ್ಷಣೆಯನ್ನು ಎಷ್ಟು ವರ್ಷ ಕೊಡುವರು? ಐದಕ್ಕೂ ಒಪ್ಪುವ ಉತ್ತರ ಕೊಟ್ಟ ಸಾಧಾರಣ ಬೆಲೆಯ ಫೋನೊಂದನ್ನು ಕೊಂಡೆವು. ಸಂಖ್ಯೆ ಹಳೆಯದೇ.

ಹಳೆಯ ಫೋನಿನ ಒಡಲಲ್ಲಿದ್ದ ಹೆಸರುಗಳು ಮಾತ್ರ ಅದರೊಡನೆಯೇ ಹೋದುವು. ರಕ್ತ ಕೊಡಲು ಸಿದ್ಧರಿದ್ದವರು, ಕೋಣೆ ಕೊಡುತ್ತಿದ್ದವರು, ಆಸ್ಪತ್ರೆಯಲ್ಲಿ ಕೆಲಸದಲ್ಲಿರುವ ನಮ್ಮ ದಾದಿಯರು, ಇವರೆಲ್ಲರ ಸಂಖ್ಯೆಗಳನ್ನು ಈಗ ಒಂದೊಂದಾಗಿ ಕೂಡಿಸುತ್ತಿದ್ದೇವೆ. ಈ ಸಲ ಪುಸ್ತಕದಲ್ಲಿಯೂ ಬರೆದಿಡುತ್ತಿದ್ದೇವೆ. ಗದಗದ ಆ ಮಗು ಗುಣಹೊಂದಿ ಊರಿಗೆ ಮರಳಿದೆಯೆಂಬುದು ಸಂತೋಷದ ಸಂಗತಿ. ಅದಕ್ಕೆ ನಾವು ಕಾರಣರಲ್ಲವೆಂಬುದು ನಾಚಿಕೆಯ ಸಂಗತಿ. ಓದುಗ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು: ಈ ವಾರವೇ ಸಂಘಕ್ಕೆ ಕರೆಮಾಡಿ ತಮ್ಮ ಹೆಸರು, ಸಂಖ್ಯೆ, ತಮ್ಮಿಂದಾಗುವ ಸಹಾಯ ಇವನ್ನು ಬರೆಯಿಸಿರಿ. ಫೋನನ್ನು ಎತ್ತಲು ದಿನಕ್ಕೊಬ್ಬರಂತೆ ಸರದಿಯನ್ನು ಗೊತ್ತುಪಡಿಸಿದ್ದೇವೆ. ವಾರದಲ್ಲಿ ಎರಡು ದಿನಗಳಿಗೆ ಇನ್ನೂ ಜನ ಬೇಕಾಗಿದ್ದಾರೆ.